ಬೆರಳಚ್ಚು, ಬೆರಳ ಗುರುತು, ಹೆಬ್ಬೆಟ್ಟು: ಯಾವುದಕ್ಕೆ ಯಾವುದು?

ಸ್ನೇಹಿತರೇ,

ಶಿವಮೊಗ್ಗದ ಹೈಸ್ಕೂಲು ಮಕ್ಕಳಿಗಾಗಿ ಲಂಡನ್ ಪೊಲೀಸರ ಚರಿತ್ರೆ ಬರೆಯುತ್ತಿದ್ದೇನೆ. 'ಬೆರಳಚ್ಚು' ಎಂಬಲ್ಲಿಗೆ ಬಂದು ಗಾಡಿ ನಿಂತಿದೆ.

ಕೋರ್ಟ್ ಹತ್ತಿರದ ಅಂಗಡಿ ಬೋರ್ಡಿನಲ್ಲಿ 'ಬೆರಳಚ್ಚು, ಜೆರಾಕ್ಸ್' ಎಂದಿದ್ದರೆ ಅದು ಟೈಪಿಂಗ್. ಅಡಿಕೆ ಕಳುವಾದ ಸುದ್ದಿಯಲ್ಲಿ 'ಶ್ವಾನದಳ, ಬೆರಳಚ್ಚು ತಜ್ಞರು ಭೇಟಿ ನೀಡಿ ಪರಿಶೀಲಿಸಿದರು' ಎಂದಿದ್ದರೆ ಬೇರೆ. ಕಳ್ಳನನ್ನು ಹಿಡಿಯಲು ಟೈಪಿಸ್ಟ್ ಬಂದ ಅಂತ ಯಾರೂ ಓದಿಕೊಳ್ಳುವುದಿಲ್ಲ. ಅದು ಬಿಡಿ, ನನ್ನ ತಕರಾರು ಬೇರೆ.

1902ರಲ್ಲಿ ಲಂಡನ್ನಿನ ಒಂದು ಮನೆಗೆ ಹ್ಯಾರಿ ಜಾಕ್ಸನ್ ಎಂಬವನು ನುಗ್ಗಿ ಬಿಲಿಯರ್ಡ್ಸ್ ಚೆಂಡು ಕದ್ದ. ಕಿಟಕಿಗೆ ಆಗಷ್ಟೇ ಬಣ್ಣ ಬಳಿದಿದ್ದರು. ಹಸಿ ಬಣ್ಣದ ಮೇಲೆ ಅವನ ಎಡಗೈ ಹೆಬ್ಬೆರಳು ಮೂಡಿತ್ತು. ಹಿಂದೊಮ್ಮೆ ಸಿಕ್ಕಿಬಿದ್ದಾಗ ಮಸಿ ಹಚ್ಚಿ ಒತ್ತಿಸಿಕೊಂಡದ್ದು ಪೊಲೀಸರ ಹತ್ತಿರವಿತ್ತು. ಎರಡೂ ತಾಳೆಯಾದವು. 7 ವರ್ಷ ಜೈಲಾಯಿತು. ಈಗ ಅಂಟಿ ಉಳಿದದ್ದೂ ಬೆರಳಚ್ಚು, ಒತ್ತಿಸಿಕೊಂಡದ್ದೂ ಬೆರಳಚ್ಚು ಅಂದರೆ ಕಥೆ ಕಲಸುಮೇಲೋಗರ. ಹಾಗಾಗಿ ಮೊದಲನೆಯದನ್ನು 'ಬೆರಳ ಗುರುತು' ಮಾಡಿದ್ದೇನೆ. ಅಚ್ಚು ಅಂದಮೇಲೆ ಬೇಕಂತಲೇ ಒತ್ತಬೇಕು, ಅಲ್ವಾ? 'ಹೆಬ್ಬೆಟ್ಟು' ಬಳಸೋಣ ಅಂದರೆ ಅದು ಪತ್ರಕ್ಕೆ ಸಹಿ ಬದಲು ಹಾಕುವುದು. 'ಅವನು ಹೆಬ್ಬೆಟ್ಟು' ಅಂದರಂತೂ ಓದು ಬರಹ ಬಾರದವನು ಎಂದೇ ಆಗುತ್ತದೆ.

ಇನ್ನೊಂದು ವಿಷಯ. ಬೆರಳಚ್ಚು ಹಾಳೆಗಳನ್ನು ವಿಂಗಡಿಸಿಟ್ಟು ಆಳನ್ನು ಪತ್ತೆ ಮಾಡುವ ಈ ಪದ್ಧತಿ ಲಂಡನ್ನಿಗೆ ಹೋದದ್ದು ಕಲ್ಕತ್ತದಿಂದ. ಅಲ್ಲಿ 1897ರಲ್ಲೇ ಬೆರಳಚ್ಚು ಕಚೇರಿ ಶುರುವಾಗಿತ್ತು. ಅಲ್ಲಿನ ಪೊಲೀಸರಾದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಕೂತು ವಿಂಗಡಣೆಯ ಲೆಕ್ಕ ಹಾಕಿದರು. ಪದ್ಧತಿಗೆ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಿತ್ತು (ಕಚೇರಿಗಳಲ್ಲಿ ಇದೇನು ಹೊಸದಲ್ಲ). ಹೆನ್ರಿ 1901ರಲ್ಲಿ ಲಂಡನ್ ಪೊಲೀಸರ ಕೇಂದ್ರ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡ್ ಸೇರಿದ, ಆಮೇಲೆ ಕಮಿಷನರ್ ಆದ. ಯಾವ ಯಾವ ಬೆರಳಲ್ಲಿ ಗೆರೆ ದುಂಡಗೆ ಸುತ್ತಿದೆ ಎಂದು ನೋಡಿ, ಹಾಳೆಗಳನ್ನು 1,024 ಗುಂಪು ಮಾಡುವುದು ಈ ಪದ್ಧತಿಯ ಉಪಾಯ. ಸಾವಿರಾರು ಹಾಳೆಗಳ ನಡುವೆ ಒಬ್ಬನನ್ನು ಬೇಗ ಹುಡುಕಬಹುದು.

ಆ ದುಂಡು ಸುತ್ತನ್ನು ನಮ್ಮ ಕಡೆ ಅಜ್ಜಿಯರು 'ಚಕ್ರ' ಅನ್ನುತ್ತಾರೆ. ಒಂದು ಕಡೆಯಿಂದ ಬಂದು ಬಳಸಿ ಅದೇ ಕಡೆ ಹೋಗುವುದು 'ಶಂಖ'. ಮಕ್ಕಳ ಕೈ ಹಿಡಿದು ಎಷ್ಟು ಚಕ್ರ, ಎಷ್ಟು ಶಂಖ ಅಂತ ಎಣಿಸಿ ಭವಿಷ್ಯ ಹೇಳುವುದಿಲ್ವಾ, ಅದೇ. ಹೊಸ ಪದ ಕಟ್ಟುವುದಕ್ಕಿಂತ ಇವನ್ನೇ ಹಾಕುವುದು ಒಳ್ಳೆಯದು ಅನ್ನಿಸಿದೆ. ಆದರೆ ಮೂರನೆಯ ಬಗೆಯೊಂದಿದೆ. ಈ ಕಡೆಯಿಂದ ಬಂದು, ನಡುವೆ ಸ್ವಲ್ಪ ಉಬ್ಬಿ, ಆ ಕಡೆ ಹೊರಟುಹೋಗುವ ಗೆರೆ. ಸದ್ಯಕ್ಕೆ 'ಕಮಾನು' ಎಂದು ಬರೆದಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆ ಇದಕ್ಕೆ ಆಡುಮಾತಿನ ಹೆಸರಿದ್ದರೆ ತಿಳಿಸುತ್ತೀರಾ?