ನನ್ನ ಚಿತ್ರ ಫ್ಲೆಕ್ಸ್‌ನಲ್ಲಿ ಉಂಟು, ನನ್ನ ಹೆಸರು ಇಲ್ಲ

ಗೆರೆ ಕುಂಬಳೆ:
ನಾನು ಚಿತ್ರ ಬಿಡಿಸುವವಳು, ಊರು ಕುಂಬಳೆ ಹತ್ತಿರ. ಚಿಕ್ಕಂದಿನಿಂದ ಡ್ರ್ಯಾಗನ್ ಬಾಲ್ ಅನ್ನುವ ಜಪಾನಿ ಕಾಮಿಕ್ಸ್ ಅಂದ್ರೆ ಪ್ರಾಣ. ಹೋದ ಮಳೆಗಾಲದಲ್ಲಿ ಅದರ ಪಾತ್ರಗಳನ್ನು ಯಕ್ಷಗಾನದ ವೇಷದಲ್ಲಿ ಬಿಡಿಸಿದೆ. ಫ್ರೀಜಾನಿಗೆ ರಾಕ್ಷಸರ ಬಣ್ಣದ ವೇಷ, ವೆಜಿಟಾನಿಗೆ ರಾಜವೇಷ, ಹಿಂದೆ ಜಾಗಟೆ ಹಿಡಿದ ಭಾಗವತರು. ಫ್ರೀಜಾನ ಮುಖದ ಚುಟ್ಟಿಗೇ, ಅಂದ್ರೆ ಮುಖದ ಮೇಲೆ ಇಡುವ ಬಿಳಿ ಮುಳ್ಳುಗಳಿಗೇ, ನಾಲ್ಕು ರಾತ್ರಿ ಹೋಯಿತು. ಅಜ್ಜನ ಜೊತೆ ಚೌಕಿಯಲ್ಲಿ, ವೇಷ ಕಟ್ಟುವ ಜಾಗದಲ್ಲಿ, ಕೂತು ನೋಡಿದ್ದು ನೆನಪಿತ್ತು. ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳು ಇಡುತ್ತಿದ್ದರು, ಮಾತಾಡಿದರೆ ಕೆನ್ನೆ ಅಲುಗುತ್ತದೆ ಅಂತ ಗಂಟೆಗಟ್ಟಲೆ ಮಾತೇ ಇಲ್ಲ. ಹಾಗಾಗಿ ನಾನೂ ಒಂದು ಮುಳ್ಳು ಬರೆದು ಅದನ್ನೇ ಕಾಪಿ ಮಾಡಿ ಅಂಟಿಸಲಿಲ್ಲ, ಎಲ್ಲವನ್ನೂ ಬೇರೆ ಬೇರೆಯಾಗಿಯೇ ಬರೆದೆ. ಏ4 ಪ್ರಿಂಟ್ ತೆಗೆದು 120 ರೂಪಾಯಿಗೆ ಮಾರಿದೆ, ಸುಮಾರು ನಲ್ವತ್ತು ಹೋಯಿತು.
ಈಗ ವಿಷಯ. ಮೊನ್ನೆ ನಮ್ಮ ಕಡೆಯ ಒಂದು ಕ್ಲಬ್ಬಿನ ವಾರ್ಷಿಕೋತ್ಸವದ ಫ್ಲೆಕ್ಸ್‌ನಲ್ಲಿ ನನ್ನ ವೆಜಿಟಾ ನಿಂತಿದ್ದ. ನನ್ನನ್ನು ಯಾರೂ ಕೇಳಿರಲಿಲ್ಲ. ಕೆಳಗಿನ ಮೂಲೆಯಲ್ಲಿದ್ದ ನನ್ನ ಸಹಿ ಕತ್ತರಿಸಿದ್ದಾರೆ. ಕೇಳಿದರೆ, "ನೀನೂ ಜಪಾನಿನವರದ್ದು ಕದ್ದದ್ದಲ್ವಾ?" ಅಂದರು. ಇದು ಸರಿಯಾ, ಹೇಳಿ.

ಅಡಿಕೆ ತೋಟ:
ಅವರು ಹೇಳಿದ್ದರಲ್ಲಿ ತಪ್ಪೆಂತದ್ದು? ಪಾತ್ರ ನಿಮ್ಮದಲ್ಲ, 120 ರೂಪಾಯಿ ಮಾತ್ರ ನಿಮ್ಮದು. ಆ ಪಾತ್ರ ಹುಟ್ಟಿಸಿದ ಅಕಿರಾ ತೊರಿಯಾಮಾ ತೀರಿಕೊಂಡದ್ದು 2024ರ ಮಾರ್ಚ್‌ನಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅಂದ್ರೆ 2084 ಮುಗಿಯುವವರೆಗೆ. ನೀವು ಅನುಮತಿ ಕೇಳಿದ್ದೀರಾ? ಇಲ್ಲ. ಹಾಗಾದರೆ ಕ್ಲಬ್ಬಿನವರು ನಿಮ್ಮ ಅನುಮತಿ ಯಾಕೆ ಕೇಳಬೇಕು?

ಮಂಜೇಶ್ವರದ ಹುಡುಗ:
"ಪಾತ್ರ ಹುಟ್ಟಿಸಿದ" ಅನ್ನುತ್ತೀರಲ್ಲ, ಡ್ರ್ಯಾಗನ್ ಬಾಲ್‌ನ ನಾಯಕ ಗೋಕುವನ್ನು ತೊರಿಯಾಮಾ ಏನು ಗಾಳಿಯಿಂದ ಹುಟ್ಟಿಸಿದರಾ? ಬಾಲ, ಉದ್ದವಾಗುವ ಕೋಲು, ಮೋಡದ ಮೇಲೆ ಸವಾರಿ, ಎಲ್ಲ ಚೀನಾದ ಹಳೇ ಕಥೆಯ ವಾನರ ರಾಜ ಸುನ್ ವುಕಾಂಗ್‌ನದು. ಆ ಹೆಸರನ್ನು ಜಪಾನಿನವರು ಓದುವುದೇ ಸೋನ್ ಗೋಕು ಅಂತ. 1984ರಲ್ಲಿ ಅವರು ಹಳೆಯದನ್ನು ತಗೊಂಡು ಹೊಸದು ಮಾಡಿದರು, ಈಗ ಇವರೂ ಅದನ್ನೇ ಮಾಡಿದ್ದಾರೆ. ಜಪಾನಿನಲ್ಲಿ 1975ರಿಂದ ಕಾಮಿಕೆಟ್ ಅಂತ ಸಂತೆ ನಡೆಯುತ್ತಿದೆ, ಅಭಿಮಾನಿಗಳು ತಾವೇ ಬಿಡಿಸಿದ ಪುಸ್ತಕ ಅಲ್ಲಿ ಮಾರುತ್ತಾರೆ. ಕ್ಲ್ಯಾಂಪ್ ಅನ್ನುವ ಕಾಮಿಕ್ಸ್ ಗುಂಪಿನ ಕಲಾವಿದೆಯರು ಹಾಗೆ ಶುರು ಮಾಡಿಯೇ ದೊಡ್ಡ ಹೆಸರಾದದ್ದು.

ಅಡಿಕೆ ತೋಟ:
ಹಳೇ ಕಥೆಗೆ ವಾರಸುದಾರರಿಲ್ಲ, ಯಾರು ಬೇಕಾದರೂ ತಗೊಳ್ಳಲಿ. ಆ ಚೀನಾ ಕಥೆಯಲ್ಲಿ ವೆಜಿಟಾ ಇದ್ದಾನಾ? ಫ್ರೀಜಾ ಇದ್ದಾನಾ? ಅಷ್ಟು ಹೇಳಿ ಸಾಕು.

ಪಯಸ್ವಿನಿ:
ಅಡಿಕೆ ತೋಟ ಅವರೇ, ಕಾನೂನು ಹೇಳುವುದಾದರೆ ಪೂರ್ತಿ ಹೇಳಿ. 1978ರಲ್ಲಿ ಆರ್. ಜಿ. ಆನಂದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಅಂತ. ಇಲ್ಲಿ ರೀತಿ ಪೂರ್ತಿ ಬೇರೆ. ಇನ್ನು 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ನೋಡಿ. ಕೃತಿ ತನ್ನದು ಅಂತ ಹೇಳಿಕೊಳ್ಳುವ ಹಕ್ಕು ಅದನ್ನು ಮಾಡಿದವರಿಗೆ ಇರುತ್ತದೆ, ಮಾರಿಬಿಟ್ಟರೂ ಇರುತ್ತದೆ. ಸಹಿ ಕತ್ತರಿಸುವುದು ಅಂದ್ರೆ ಅದಕ್ಕೇ ಕೈ ಹಾಕಿದ ಹಾಗೆ.

ಅಡಿಕೆ ತೋಟ:
"ರೀತಿ ಪೂರ್ತಿ ಬೇರೆ" ಅಂದಿರಿ. ಪೂರ್ತಿ ಬೇರೆ ಆಗಿದ್ದರೆ ಅದು ವೆಜಿಟಾ ಅಂತ ನಲ್ವತ್ತು ಮಂದಿಗೆ ಗೊತ್ತಾದದ್ದು ಹೇಗೆ? ಮುಖ ಗೊತ್ತಾದ್ದರಿಂದಲೇ ದುಡ್ಡು ಕೊಟ್ಟರು. ಮುಖ ಐಡಿಯಾ ಅಲ್ಲ.

ಜಾಗಟೆ:
ಇಲ್ಲಿ ಯಾರೂ ಚಿತ್ರವನ್ನು ಸರಿಯಾಗಿ ನೋಡಿಲ್ಲ. ನಾನು ನೋಡಿದೆ. ಭಾಗವತರ ಕೈಯಲ್ಲಿ ಜಾಗಟೆ ಉಂಟು, ಪಕ್ಕದಲ್ಲಿ ಚಕ್ರತಾಳ ಉಂಟು. ಅಂದ್ರೆ ಇದು ತೆಂಕುತಿಟ್ಟು, ಯಕ್ಷಗಾನದ ದಕ್ಷಿಣದ ಶೈಲಿ. ಆದ್ರೆ ವೆಜಿಟಾನ ತಲೆಯ ಮೇಲೆ ಮುಂಡಾಸು! ಅದು ಬಡಗು, ಉತ್ತರದ ಶೈಲಿ. ತೆಂಕಿನಲ್ಲಿ ರಾಜವೇಷಕ್ಕೆ ಕೋಲು ಕಿರೀಟ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯವರು ಹೀಗೆ ಬಿಡಿಸಿದರೆ ಹೇಗೆ?

ಗೆರೆ ಕುಂಬಳೆ:
ಅದು ಗೊತ್ತಿದ್ದೇ ಮಾಡಿದ್ದು. ವೆಜಿಟಾನ ಕೂದಲು ಬೆಂಕಿಯ ಹಾಗೆ ಮೇಲಕ್ಕೆ ನಿಂತಿರುತ್ತದೆ, ಅದೇ ಅವನ ಗುರುತು. ಮುಂಡಾಸೂ ಹಾಗೇ ಮೇಲಕ್ಕೆ ಚೂಪಾಗಿ ಹೋಗುತ್ತದೆ. ಕೋಲು ಕಿರೀಟ ಇಟ್ಟು ಮೂರು ಸಲ ಬಿಡಿಸಿ ನೋಡಿದೆ. ಕೂದಲು ಮುಚ್ಚಿಹೋಗಿ ಯಾರೋ ಒಬ್ಬ ದೇವೇಂದ್ರ ಆಗುತ್ತಾನೆ. ದಯವಿಟ್ಟು ಫ್ಲೆಕ್ಸ್ ವಿಷಯ ಮಾತಾಡುವ.

ಜಾಗಟೆ:
"ಯಾರೋ ಒಬ್ಬ ದೇವೇಂದ್ರ" ಅಂತ ಬರೆಯಬೇಡಿ. ಆ ಕಿರೀಟ ಕಟ್ಟಿಕೊಂಡು ರಾತ್ರಿ ಇಡೀ ಕುಣಿದವರ ಮನೆಯಿಂದ ಬಂದವನು ನಾನು. ಬೆಳಿಗ್ಗೆ ಕಿರೀಟ ಬಿಚ್ಚಿದಾಗ ಹಣೆಯಲ್ಲಿ ಹಗ್ಗದ ಗುರುತು ಕೆಂಪಾಗಿ ಕೂತಿರುತ್ತಿತ್ತು, ಮಧ್ಯಾಹ್ನದವರೆಗೆ ಹೋಗುತ್ತಿರಲಿಲ್ಲ. ನಿಮಗೆ ಕೂದಲು ಕಾಣಬೇಕು ಅಂತ ಅದನ್ನು ತೆಗೆದು ಬದಿಗಿಟ್ಟಿರಿ.

ಮಂಜೇಶ್ವರದ ಹುಡುಗ:
ಹೊಸ ಪ್ರಯೋಗ ಮಾಡಬಾರದು ಅನ್ನುವುದಾದರೆ ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು ತಂದರು, ಸ್ಯಾಕ್ಸೋಫೋನ್ ತಂದರು. ಅವರಿಗೂ ಬೈಯುತ್ತೀರಾ?

ಜಾಗಟೆ:
ಕಾರಂತರು ಕೆಲಸ ಮಾಡಿದ್ದು ಬಡಗಿನಲ್ಲಿ. ತೆಂಕಿನ ಕಿರೀಟ ತಂದು ಬಡಗಿನ ಅರ್ಜುನನ ತಲೆಗೆ ಇಟ್ಟರಾ? ನೀವೇ ಕೊಟ್ಟ ಉದಾಹರಣೆ ನನ್ನ ಪರವಾಗಿಯೇ ಉಂಟು.

ಕಡಲ ತೀರ:
ತೆಂಕು ತೆಂಕು ಅಂತ ಇಷ್ಟು ಹೇಳುತ್ತೀರಲ್ಲ, ಆ ಕಿರೀಟಕ್ಕೂ ಕೇರಳದ ಕಥಕ್ಕಳಿಯ ಕಿರೀಟಕ್ಕೂ ಹೋಲಿಕೆ ಯಾರಿಗಾದರೂ ಕಾಣುತ್ತದೆ. ಚುಟ್ಟಿ ಅನ್ನುವ ಶಬ್ದವೇ ಅಲ್ಲೂ ಇದೆ, ಅಲ್ಲೂ ಅಕ್ಕಿ ಹಿಟ್ಟು, ಸುಣ್ಣ. ನೀವು ಶುದ್ಧ ಅನ್ನುವ ತೆಂಕಿನಲ್ಲೇ ಪಕ್ಕದ ಮನೆಯ ಸಾಮಾನು ಇದ್ದ ಮೇಲೆ ಈ ಹುಡುಗಿ ಮುಂಡಾಸು ತಂದರೆ ಏನಾಯಿತು?

ಜಾಗಟೆ:
ಇದನ್ನು ಕೇಳಿ ಕೇಳಿ ಸಾಕಾಗಿದೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದು ಕಾಸರಗೋಡಿನ ನಮ್ಮನ್ನು ಕೇರಳದ ಕಡೆ ಹಾಕಿದರು. ನಮ್ಮ ಶಾಲೆ ಹೋಯಿತು, ಬಸ್ಸಿನ ಬೋರ್ಡ್ ಹೋಯಿತು, ಕಚೇರಿಯ ಅರ್ಜಿ ಹೋಯಿತು. ಉಳಿದದ್ದು ರಾತ್ರಿಯ ಯಕ್ಷಗಾನದ ಆಟ ಒಂದು. ಈಗ ಅದರ ಕಿರೀಟವೂ ನಿಮ್ಮದಾ? ನಮ್ಮ ಹಿರಿಯರು ಕನ್ನಡದಲ್ಲಿ ಪದ ಹಾಡಿ ಕನ್ನಡದಲ್ಲಿ ಅರ್ಥ ಹೇಳಿ ಉಳಿಸಿದ ಕಲೆ ಇದು. ಸುಮ್ನೆ ಬಾಯಿಗೆ ಬಂದದ್ದು ಹೇಳಬೇಡಿ.

ಕಡಲ ತೀರ:
"ನಿಮ್ಮದಾ" ಅಂತ ಕೇಳಿದಿರಿ. ನಾನು ಯಾರು ಅಂದುಕೊಂಡಿದ್ದೀರಿ? ನನ್ನ ಮನೆ ಮಾತು ಕನ್ನಡ, ಓದಿದ್ದು ಕನ್ನಡ ಮಾಧ್ಯಮ, ಆ ಕಚೇರಿಯ ಅರ್ಜಿ ನಾನೂ ತುಂಬಿಸಿದ್ದೇನೆ. ಕಥಕ್ಕಳಿ ಚಂದ ಅಂದ ಕೂಡಲೇ ನಾನು ಹೊರಗಿನವನಾಗಿಬಿಟ್ಟೆನಾ?

ಜಾಗಟೆ:
ಕಥಕ್ಕಳಿ ಚಂದ ಅಂತ ನೀವು ಎಲ್ಲಿ ಬರೆದಿದ್ದೀರಿ? ಮೇಲೆ ಇಲ್ಲ. "ಪಕ್ಕದ ಮನೆಯ ಸಾಮಾನು" ಅಂತ ಉಂಟು.

ಪಯಸ್ವಿನಿ:
ಇಬ್ಬರೂ ನಿಲ್ಲಿಸಿ ಮಾರಾಯ್ರೆ. ಪ್ರಶ್ನೆ ಕೇಳಿದವರು ಸಹಿ ಬಗ್ಗೆ ಕೇಳಿದ್ದು.

ಜಾಗಟೆ:
ನಿಲ್ಲಿಸಬೇಕಾದವನು ನಾನಾ? ಶುರು ಮಾಡಿದವರಿಗೆ ಹೇಳಿ.

ಮುಳ್ಳೇರಿಯ ಪ್ರಿಂಟ್:
ನಾನು ಫ್ಲೆಕ್ಸ್ ಮಾಡುವವನು. ಈ ಫ್ಲೆಕ್ಸ್ ನಾನು ಮಾಡಿದ್ದಲ್ಲ, ಆದ್ರೆ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಗಿರಾಕಿ ವಾಟ್ಸಾಪ್‌ನಲ್ಲಿ ಚಿತ್ರ ಕಳಿಸುತ್ತಾರೆ, ಯಾರದ್ದು ಅಂತ ಅವರಿಗೂ ಗೊತ್ತಿರುವುದಿಲ್ಲ. ಏ4 ಅಡ್ಡ ಚಿತ್ರವನ್ನು 10 ಅಡಿ ಅಗಲಕ್ಕೆ ಹಿಗ್ಗಿಸಿದರೆ ಎತ್ತರ 7 ಅಡಿ ಬರುತ್ತದೆ. ಫ್ಲೆಕ್ಸ್ ಇರುವುದು 6 ಅಡಿ. ಒಂದು ಅಡಿ ಎಲ್ಲಿಂದ ತೆಗೆಯುವುದು? ಮೇಲಿಂದ ತೆಗೆದರೆ ತಲೆಯ ಮುಂಡಾಸು ಹೋಗುತ್ತದೆ. ಹಾಗಾಗಿ ಕೆಳಗಿನಿಂದ ತೆಗೆಯುತ್ತಾರೆ. ಸಹಿ ಕತ್ತರಿಸಬೇಕು ಅಂತ ಯಾರೂ ಕತ್ತರಿಸುವುದಲ್ಲ.

ಗೆರೆ ಕುಂಬಳೆ:
ನನ್ನ ಚಿತ್ರದಲ್ಲಿ ಮುಂಡಾಸಿನ ಮೇಲೆ ಒಂದು ಅಡಿಗೆ ಸಾಕಾಗುವಷ್ಟು ಖಾಲಿ ಆಕಾಶ ಇತ್ತು. ಅದನ್ನು ಬಿಟ್ಟು ಕಾಲಿನ ಗೆಜ್ಜೆ ಸಮೇತ ಕೆಳಗೆ ಕತ್ತರಿಸಿದ್ದಾರೆ. ಮೇಲಿನ ಆಕಾಶದಲ್ಲಿ ಕ್ಲಬ್ಬಿನ ಹೆಸರು ಹಾಕಿದ್ದಾರೆ. ನೋಡಿಯೇ ಮಾಡಿದ್ದಾರೆ ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ?

ಜಾಗಟೆ:
"ತಲೆಯ ಮುಂಡಾಸು" ಅಂತ ಫ್ಲೆಕ್ಸ್ ಮಾಡುವವರೂ ಬರೆದರು. ನೋಡಿದವರಿಗೆಲ್ಲ ಮುಂಡಾಸೇ ಕಾಣುತ್ತದೆ. ನಾನು ಹೇಳಿದ್ದೂ ಅದನ್ನೇ.

ಅಡಿಕೆ ತೋಟ:
ಖಾಲಿ ಆಕಾಶ ಇದ್ದರೆ ಕೆಳಗೆ ಕತ್ತರಿಸಬಾರದಿತ್ತು, ಅಷ್ಟು ಒಪ್ಪಬಹುದು. ಆದ್ರೆ 57ನೇ ಸೆಕ್ಷನ್ ಹೇಳಿದ ಪಯಸ್ವಿನಿ 52ನೇ ಸೆಕ್ಷನ್ ಹೇಳಲಿಲ್ಲ. ಸ್ವಂತ ಉಪಯೋಗಕ್ಕೆ, ವಿಮರ್ಶೆಗೆ ಬಳಸಿದರೆ ತಪ್ಪಲ್ಲ ಅಂತ ಅದರಲ್ಲಿ ಇದೆ. ಬಿಡಿಸಿ ಮನೆಯ ಗೋಡೆಗೆ ಅಂಟಿಸಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ನಲ್ವತ್ತು ಪ್ರಿಂಟ್ ಮಾರುವುದು ಸ್ವಂತ ಉಪಯೋಗ ಅಲ್ಲ.

ಪಯಸ್ವಿನಿ:
"ಅಷ್ಟು ಒಪ್ಪಬಹುದು" ಅಂದಿರಲ್ಲ, ಅಷ್ಟೇ ಇವರು ಕೇಳಿದ್ದು.

ಅಡಿಕೆ ತೋಟ:
ಕತ್ತರಿಸುವ ಜಾಗದ ಬಗ್ಗೆ ಒಪ್ಪಿದ್ದು. ಮಾರಿದ್ದರ ಬಗ್ಗೆ ಅಲ್ಲ.

ಮಂಜೇಶ್ವರದ ಹುಡುಗ:
ಮನೆಯ ಗೋಡೆಗೆ ಅಂಟಿಸಿದರೆ ಟ್ಯಾಬ್ಲೆಟ್ಟಿನ ಕಂತು ಯಾರು ಕಟ್ಟುತ್ತಾರೆ? ಇಲ್ಲಿ ಚಿತ್ರ ಕಲಿತವರಿಗೆ ಕೆಲಸ ಎಲ್ಲಿದೆ? ಒಂದೋ ಮಂಗಳೂರಿಗೆ ಹೋಗಬೇಕು, ಇಲ್ಲವೇ ಕೊಚ್ಚಿಗೆ. ಕನ್ನಡದಲ್ಲಿ ಬೋರ್ಡ್ ಬರೆಯುತ್ತಿದ್ದವರು ಫ್ಲೆಕ್ಸ್ ಬಂದ ಮೇಲೆ ಬ್ರಶ್ ಕೆಳಗಿಟ್ಟರು. ಊರಲ್ಲೇ ಇದ್ದು ಬಿಡಿಸುವವರು ಎಷ್ಟು ಜನ ಇದ್ದಾರೆ, ಲೆಕ್ಕ ಹಾಕಿ.

ಮುಳ್ಳೇರಿಯ ಪ್ರಿಂಟ್:
ಬ್ರಶ್ ಕೆಳಗಿಟ್ಟವರಲ್ಲಿ ನನ್ನ ಅಪ್ಪನೂ ಒಬ್ಬರು. ಅವರೇ ನನಗೆ ಫ್ಲೆಕ್ಸ್ ಮಿಷನ್ ತೆಗೆಸಿಕೊಟ್ಟದ್ದು. ಫ್ಲೆಕ್ಸಿನವರನ್ನು ಕಳ್ಳರ ಹಾಗೆ ಮಾತಾಡಬೇಡಿ.

ಮಂಜೇಶ್ವರದ ಹುಡುಗ:
ಕಳ್ಳರು ಅಂತ ನಾನು ಬರೆದಿಲ್ಲ. ಮೇಲೆ ಓದಿ ನೋಡಿ.

ಕಡಲ ತೀರ:
ಜಾಗಟೆ ಅವರು ನನ್ನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಚುಟ್ಟಿ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಯಾರಿಂದ ಯಾರಿಗೆ ಹೋಯಿತು ಅಂತ ನಾನು ಹೇಳಲಿಲ್ಲ. ಪಕ್ಕ ಪಕ್ಕ ಇದ್ದವರು ಕೊಟ್ಟು ತಗೊಂಡರು ಅಂದೆ. ಕೊಟ್ಟು ತಗೊಳ್ಳುವುದು ಕಳ್ಳತನ ಅಲ್ಲ ಅಂತಾದರೆ ಜಪಾನಿನಿಂದ ತಗೊಂಡದ್ದೂ ಅಲ್ಲ.

ಜಾಗಟೆ:
"ಕೊಟ್ಟು ತಗೊಂಡರು" ಅಂತ ಈಗ ಬಂದಿದೆ. ಮೊದಲು ಹಾಗೆ ಬರೆಯಲಿಲ್ಲ. ಇರಲಿ. ಕೊಟ್ಟು ತಗೊಳ್ಳುವವರು ಒಬ್ಬರ ಮನೆಗೆ ಒಬ್ಬರು ಹೋಗಿ, ಕೂತು, ಕಲಿತು ತಗೊಂಡರು. ಈ ಹುಡುಗಿ ಚುಟ್ಟಿಯನ್ನು ಹಾಗೆ ಕೂತು ಕಲಿತಿದ್ದಾಳೆ, ಅದು ಚಿತ್ರದಲ್ಲೇ ಗೊತ್ತಾಗುತ್ತದೆ, ಫ್ರೀಜಾನ ಮೂಗಿನ ಪಕ್ಕದ ಮುಳ್ಳು ಸಣ್ಣದು, ಕೆನ್ನೆಯ ಅಂಚಿನದ್ದು ದೊಡ್ಡದು, ಹಾಗೆ ಇಡಬೇಕಾದದ್ದೇ. ಅದಕ್ಕೇ ನನಗೆ ಬೇಸರ. ಅಷ್ಟು ಗೊತ್ತಿದ್ದವಳು ಕಿರೀಟದಲ್ಲಿ ಹೀಗೆ ಮಾಡಿದಳಲ್ಲ ಅಂತ.

ಗೆರೆ ಕುಂಬಳೆ:
ಮುಳ್ಳಿನ ಗಾತ್ರ ನೋಡಿದ್ದಕ್ಕೆ ಥ್ಯಾಂಕ್ಸ್. ಪ್ರಿಂಟ್ ತಗೊಂಡ ನಲ್ವತ್ತು ಜನರಲ್ಲಿ ಒಬ್ಬರೂ ಅದನ್ನು ಹೇಳಿರಲಿಲ್ಲ. ಆದ್ರೆ ಮುಂಡಾಸು ನಾನು ಬದಲಾಯಿಸುವುದಿಲ್ಲ. ಅದು ಆಟದ ವೇಷ ಅಲ್ಲ, ಚಿತ್ರ. ವೆಜಿಟಾ ವೆಜಿಟಾ ಆಗಿಯೇ ಇರಬೇಕು.

ಅಡಿಕೆ ತೋಟ:
"ವೆಜಿಟಾ ಆಗಿಯೇ ಇರಬೇಕು." ಇಷ್ಟು ಹೊತ್ತು ನಾನು ಹೇಳುತ್ತಿದ್ದದ್ದೂ ಇದೇ. ಅದು ಅವರ ವೆಜಿಟಾ, ನಿಮ್ಮದಲ್ಲ.

ಪಯಸ್ವಿನಿ:
ಕ್ಲಬ್ಬಿನವರದ್ದಂತೂ ಅಲ್ಲ!

ಅಡಿಕೆ ತೋಟ:
ಕ್ಲಬ್ಬಿನವರದ್ದು ಅಂತ ನಾನು ಎಲ್ಲಿ ಹೇಳಿದೆ?

ಗೆರೆ ಕುಂಬಳೆ:
ಇವತ್ತು ಬೆಳಿಗ್ಗೆ ಬಸ್ಸಿನಿಂದ ನೋಡಿದೆ. ಫ್ಲೆಕ್ಸ್ ಅಲ್ಲೇ ಉಂಟು. ವಾರ್ಷಿಕೋತ್ಸವ ಮುಗಿದು ಐದು ದಿನ ಆಯಿತು. ಸಹಿ ಇದ್ದ ಮೂಲೆಯ ಹತ್ತಿರ ಈಗ ಒಂದು ಬಟ್ಟೆ ಅಂಗಡಿಯ ಸ್ಟಿಕ್ಕರ್ ಅಂಟಿಸಿದ್ದಾರೆ. ನಾನು ದುಡ್ಡು ಕೇಳಲಿಲ್ಲ. ತೆಗೆಯಿರಿ ಅಂತಲೂ ಕೇಳಲಿಲ್ಲ. ಸಣ್ಣ ಅಕ್ಷರದಲ್ಲಿ ಹೆಸರು ಹಾಕಿ ಅಂದದ್ದು ಅಷ್ಟೇ.

ಜಾಗಟೆ:
ಅದು ರಸ್ತೆ ಬದಿಯಲ್ಲಿ ಇನ್ನೂ ಇದ್ದರೆ ದಿನಾ ಶಾಲೆಗೆ ಹೋಗುವ ಮಕ್ಕಳು ನೋಡುತ್ತಾರೆ. ಜಾಗಟೆ ಮತ್ತು ಮುಂಡಾಸು ಒಟ್ಟಿಗೆ ಇರುವುದು ನಮ್ಮ ತಿಟ್ಟು ಅಂತ ಅವರು ಕಲಿಯುತ್ತಾರೆ. ಹೆಸರು ಹಾಕಿಸುವುದಾದರೆ ಇದನ್ನೂ ಅಲ್ಲೇ ಒಂದು ಸಾಲು ಬರೆಸಿ.