ಸಹಾಯ ಬೇಕು: ಮರದ ಉಪ್ಪರಿಗೆಯಲ್ಲಿ ರೆಕಾರ್ಡ್ ಪ್ಲೇಯರ್ ಅದುರುತ್ತಿದೆ

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ತೊಟ್ಟಿಮನೆ. ಉಪ್ಪರಿಗೆಯ ನೆಲ ಪೂರ್ತಿ ಮರದ ಹಲಗೆ. ಯಾರಾದರೂ ನಡೆದರೆ ಸಾಕು, ಪ್ಲೇಯರ್ ಮುಳ್ಳು ಹಾರುತ್ತದೆ. ವಾಲ್ಯೂಮ್ ಏರಿಸಿದರೆ ಬಾಸ್ ಗುಂಯ್ ಅನ್ನುತ್ತದೆ. ಸ್ಪೀಕರಿನ ಅದುರು ಹಲಗೆ ಹಿಡಿದು ಮತ್ತೆ ಮುಳ್ಳಿಗೇ ಬರುತ್ತಿದೆ, ಅಲ್ವಾ?

ಸ್ಪೀಕರಿಗೆ ಸ್ಪೈಕ್ (ಚೂಪು ತುದಿಯ ಲೋಹದ ಕಾಲು) ಹಾಕಿ ಅಂತಾರೆ ಕೆಲವರು. ಇಂಥ ನೆಲಕ್ಕೆ ಅದು ಅದುರನ್ನು ಇನ್ನೂ ಜಾಸ್ತಿ ದಾಟಿಸುತ್ತದೆ ಅಂತ ನನ್ನ ಅನಿಸಿಕೆ. ಪ್ಲೇಯರನ್ನು ಗೋಡೆಯ ಸ್ಟ್ಯಾಂಡಿಗೆ ಏರಿಸುವುದೇ ಒಳ್ಳೇದು. ಆದರೆ ಗೋಡೆ ಮಣ್ಣಿನದು, ಮೊಳೆ ನಿಲ್ಲಲ್ಲ.

ಸ್ಪೀಕರ್ ಕೆಳಗೆ ಸಾರ್ಬೋಥೇನ್ (ಅದುರು ಹೀರುವ, ರಬ್ಬರಿನಂಥ ಮೆತ್ತನೆ ವಸ್ತು) ಪ್ಯಾಡ್ ಹಾಕೋಣ ಅಂತಿದ್ದೇನೆ. ಭಾರಕ್ಕೆ ತಕ್ಕ ಮೆದುತನ ಇಲ್ಲದಿದ್ದರೆ ಸುಮ್ನೆ ದಂಡ. ಒಂದೊಂದು ಸ್ಪೀಕರ್ 18 ಕೆ.ಜಿ., ಅಂದರೆ ನಾಲ್ಕು ಪ್ಯಾಡಿಗೆ ತಲಾ 4.5 ಕೆ.ಜಿ. ಯಾವ ಗಟ್ಟಿತನದ್ದು ತರಲಿ? ವಾಷಿಂಗ್ ಮಷೀನಿನ ರಬ್ಬರ್ ಸಾಕಾಗುತ್ತಾ? ಶಿವಮೊಗ್ಗದಲ್ಲಿ ಎಲ್ಲಾದರೂ ಸಿಗುತ್ತಾ? ಮರದ ನೆಲದಲ್ಲಿ ಪಾಡುಪಟ್ಟವರು ದಯವಿಟ್ಟು ಹೇಳಿ.