ಪದಚರ್ಚೆ: ದೊಡ್ಡ ಎರಕದ ಲೇತ್ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಕೇಳಿಕೆ:

ಬೆಳಗಾವಿಯ ಉದ್ಯಮಬಾಗ್‌ನ ಒಂದು ವರ್ಕ್‌ಶಾಪ್‌ಗೆ ಸುರಕ್ಷತೆಯ ಬೋರ್ಡ್ ಬರೆದುಕೊಡಬೇಕು. ನಾಳೆ ಬೆಳಿಗ್ಗೆಯೇ ಪೇಂಟರ್ ಬರುತ್ತಾರೆ. ಅಲ್ಲಿಗೆ ಪಂಪ್ ಕೇಸಿಂಗ್, ಫ್ಲೈವೀಲ್ ಇಂಥ ಭಾರಿ ಬೀಡಿನ (ಕಾಸ್ಟ್ ಐರನ್) ಎರಕಗಳು ಬರುತ್ತವೆ. ಕೆಲಸವೆಲ್ಲ ವಿಟಿಎಲ್ ಮೇಲೆ, ಅಂದರೆ ತಿರುಗುವ ಟೇಬಲ್ ಮೇಲೆ ಎರಕ ಕೂರಿಸಿ ಕೊಯ್ಯುವ ದೊಡ್ಡ ಲೇತ್. ನನ್ನ ಕರಡು: ‘ಎರಕ ಯಂತ್ರೀಕರಣ ವಿಭಾಗ. ಚಕ್ಕಿನ ದವಡೆಗಳನ್ನು ಪರೀಕ್ಷಿಸಿ. ಲೋಹದ ಸುರುಳಿಗಳನ್ನು ಕೈಯಿಂದ ಮುಟ್ಟಬೇಡಿ.’ (ಚಕ್ಕು ಅಂದರೆ ಎರಕವನ್ನು ಹಿಡಿದು ತಿರುಗಿಸುವ ಭಾಗ, ದವಡೆಗಳು ಅದರ ಹಿಡಿತದ ತುಂಡುಗಳು.) ಸರಿ ಇದೆಯಾ? ಲೇತ್‌ಗೆ ಕನ್ನಡದ್ದೇ ಪದ ಇದ್ದರೆ ಅದನ್ನೂ ತಿಳಿಸಿ.

ಉತ್ತರ 1:

‘ಯಂತ್ರೀಕರಣ’ ತಪ್ಪು. ಕೈಕೆಲಸದ ಜಾಗಕ್ಕೆ ಯಂತ್ರ ತರುವುದು ಯಂತ್ರೀಕರಣ. ಓದಿದವರು ತಮ್ಮ ಕೆಲಸಕ್ಕೇ ಕುತ್ತು ಬಂತು ಅಂದುಕೊಳ್ಳುತ್ತಾರೆ. ತೆಗೆದುಹಾಕಿ.

ಉತ್ತರ 2:

ಲೇತ್‌ಗೆ ನಮ್ಮದೇ ಪದ ಇದೆ: ಕಡೆ. ಮೊಸರು ಕಡೆಯುವುದೂ ಅದೇ, ಮರ ಕಡೆಯುವುದೂ ಅದೇ. ಹಳೆಯ ಕಾಲದಲ್ಲಿ ಮರದ ತುಂಡಿಗೆ ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದು ತಿರುಗಿಸುತ್ತಿದ್ದರು, ಕಡಗೋಲಿನ ಹಾಗೆಯೇ. ತಮಿಳಿನಲ್ಲೂ ಈ ಕೆಲಸಕ್ಕೆ ‘ಕಡೈಸಲ್’ ಅನ್ನುತ್ತಾರೆ. ಬೇಲೂರಿನ ಬಳಪದ ಕಲ್ಲಿನ ಕಂಬಗಳ ಬಳೆಗಳನ್ನು ನೋಡಿ. 1117ರ ಹೊತ್ತಿಗೇ ಕಲ್ಲನ್ನು ತಿರುಗಿಸಿ ಕಡೆದಿದ್ದಾರೆ. ಹೀಗಿರುವಾಗ ಲೇತ್ ಅನ್ನುವ ಸಾಲ ಯಾಕೆ? ‘ಎರಕ ಕಡೆಯುವ ವಿಭಾಗ’ ಅಂತ ಬರೆಯಿರಿ.

ಉತ್ತರ 3:

ಪದ ಚೆನ್ನಾಗಿದೆ, ಬೋರ್ಡ್‌ಗೆ ಆಗೋದಿಲ್ಲ. ನಾನು ಟರ್ನರ್, ಲೇತ್ ಮೇಲೆ ಕೆಲಸ ಮಾಡುವವನು. ಚನ್ನಪಟ್ಟಣದಲ್ಲಿ ಹಾಲೆಮರ ಕಡೆದು ಬೊಂಬೆ ಮಾಡುತ್ತಾರೆ, ಅಲ್ಲಿ ‘ಕಡೆ’ ಸರಿ. ಇಲ್ಲಿ ಬೀಡನ್ನು ‘ಕಡೆಯಿರಿ’ ಅಂದರೆ ಹೊಸ ಹುಡುಗ ಅಲ್ಲಾಡದೆ ನಿಲ್ಲುತ್ತಾನೆ. ಬೋರ್ಡ್ ಓದುವವನು ಅವನೇ ಅಲ್ವಾ?

ಅದಕ್ಕಿಂತ ದೊಡ್ಡ ತಪ್ಪು ಕರಡಿನ ‘ಸುರುಳಿ’. ಸುರುಳಿ ಬರುವುದು ಉಕ್ಕಿಗೆ. ಬೀಡು ಸುರುಳಿ ಬಿಡುವುದಿಲ್ಲ, ಪುಡಿಪುಡಿಯಾಗಿ ಉದುರುತ್ತದೆ. ಟೇಬಲ್ ಮೇಲೆ ಕಪ್ಪಗೆ ಗುಡ್ಡೆ ಬೀಳುತ್ತದೆ. ಅದನ್ನು ಕೈಯಲ್ಲಿ ಬಳಿಯಬಾರದು. ಗಾಳಿ ಪೈಪ್ ಹಿಡಿದು ಊದಲೂಬಾರದು, ಪಕ್ಕದವನ ಕಣ್ಣಿಗೆ ಹೋಗುತ್ತದೆ. ಬೋರ್ಡ್ ಹೇಳಬೇಕಾದದ್ದು ಇದನ್ನ. ಪದ ತಪ್ಪಿದರೆ ಅಪಾಯವನ್ನೇ ತಪ್ಪು ತೋರಿಸಿದ ಹಾಗೆ.

‘ದವಡೆ’ಯೂ ಬೇಡ, ಎಲ್ಲರೂ ‘ಜಾ’ ಅನ್ನುತ್ತಾರೆ. ಎರಕದ ಮೈ ಒಂದೇ ಸಮ ಇರುವುದಿಲ್ಲ. ಅದಕ್ಕೇ ನಾಲ್ಕು ಜಾ ಬೇರೆ ಬೇರೆ ಸರಿಯುವ ಚಕ್ಕು. ಒಂದು ಸಡಿಲ ಬಿಟ್ಟರೂ ಟನ್ನುಗಟ್ಟಲೆ ತೂಕದ ಜಾಬ್ (ಹಿಡಿಸಿದ ಎರಕ) ತಿರುಗುವಾಗ ಕಿತ್ತು ಬರಬಹುದು. ಇನ್ನೊಂದು ಮಾತು. ಎರಕದ ಮೇಲಿನ ಪದರ ಗಟ್ಟಿ, ಮರಳು ಬೇರೆ ಅಂಟಿರುತ್ತದೆ. ಮೊದಲ ಕಟ್ಟೇ (ಟೂಲಿನ ಮೊದಲ ಕೊಯ್ತವೇ) ಅದರ ಕೆಳಗೆ ಇಳಿಯಬೇಕು. ಮೇಲೆ ಮೇಲೆ ಸವರಿದರೆ ಟೂಲಿನ ಮೊನೆ ಹೋಯಿತು. ನಾವು ಇದಕ್ಕೆ ‘ಸಿಪ್ಪೆ ತೆಗೆಯೋದು’ ಅಂತೀವಿ. ಕನ್ನಡ ಇಲ್ಲಿದೆ, ನಿಘಂಟಿನಲ್ಲಿ ಹುಡುಕಬೇಡಿ.

ಉತ್ತರ 2:

ಚಕ್ಕು, ಜಾ, ಟೂಲು, ಕಟ್ಟು. ಇದು ಕನ್ನಡವೇ? ಕಾರ್ಖಾನೆಯಲ್ಲಿ ಆಡುತ್ತಾರೆ ಅಂತ ಎಲ್ಲ ಒಪ್ಪಿಕೊಂಡರೆ ನಾಳೆ ಕ್ರಿಯಾಪದ ಮಾತ್ರ ಉಳಿಯುತ್ತದೆ.

ಉತ್ತರ 4:

ಕ್ರಿಯಾಪದ ಉಳಿದರೆ ಭಾಷೆ ಉಳಿದಂತೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾಯಿತು, ಬೆಂಗಳೂರಿನಲ್ಲಿ ಎಚ್‌ಎಂಟಿ 1953ರಲ್ಲಿ. ಎರಡೂ ಲೇತ್ ಮಾಡಿದವು. ತಲೆಮಾರುಗಳು ಲೇತ್ ಅಂದೇ ಅನ್ನ ಉಂಡಿವೆ. ಲೇತ್ ಬೇಡ ಅನ್ನುವವರು ‘ಯಂತ್ರ’ವನ್ನು ಮಾತ್ರ ಬಿಡುವುದಿಲ್ಲ. ಅದು ಸಂಸ್ಕೃತದ ಸಾಲ. ಹಿಂದಿಯ ‘ಖರಾದ್’ ಕೂಡ ಪಾರಸಿಯಿಂದ ಬಂದದ್ದು, ಅವರು ಕೊರಗುತ್ತಿಲ್ಲ. ‘ಎರಕ’, ‘ಬೀಡು’, ‘ಅಚ್ಚು’ ಬದುಕಿವೆ, ಯಾಕಂದರೆ ಎರಕ ಹೊಯ್ಯುವವರು ಅವನ್ನು ದಿನಾ ಆಡುತ್ತಾರೆ.

ಉತ್ತರ 2:

‘ಯಂತ್ರ’ವನ್ನು ನಾನು ಎಲ್ಲಿ ಬಳಸಿದೆ? ಮೇಲೆ ಓದಿ. ‘ಕಡೆ’ ಬದುಕಿರುವ ಪದ. ಬೋರ್ಡ್‌ನಲ್ಲಿ ಬರೆಯದಿದ್ದರೆ ಅದನ್ನು ಸಾಯಿಸುವವರು ನಾವೇ.

ಉತ್ತರ 1:

ಬೋರ್ಡ್ ಇರುವುದು ಬೆರಳು ಉಳಿಸಲು. ಪದ ಉಳಿಸಲು ಬೇರೆ ಜಾಗ ಇದೆ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಪೇಂಟರ್‌ಗೆ ಕಳಿಸುತ್ತಿರುವುದು ಇದು: ‘ಲೇತ್ ವಿಭಾಗ – ದೊಡ್ಡ ಎರಕ. ಶುರು ಮಾಡುವ ಮುಂಚೆ ನಾಲ್ಕೂ ಜಾ ಬಿಗಿ ನೋಡಿ. ಬೀಡಿನ ಪುಡಿ ಕೈಯಲ್ಲಿ ಬಳಿಯಬೇಡಿ, ಗಾಳಿ ಊದಬೇಡಿ. ಮೆಷಿನ್ ನಿಲ್ಲಿಸಿ, ಬ್ರಷ್ ಬಳಸಿ.’ ‘ಕಡೆ’ಯನ್ನು ತರಬೇತಿ ಪುಸ್ತಿಕೆಯಲ್ಲಿ ಸೇರಿಸುತ್ತೇನೆ.

ಉತ್ತರ 3:

ಬೋರ್ಡ್ ಸರಿ ಇದೆ. ‘ಸುರಕ್ಷತಾ ಕನ್ನಡಕ ಹಾಕಿ’ ಅಂತ ಒಂದು ಸಾಲು ಸೇರಿಸಿ. ಅದನ್ನೇ ಎಲ್ಲಕ್ಕಿಂತ ಮೇಲೆ ಬರೆಸಿ.